ಹಳ್ಳದ ದಂಡೆಯ ಸುಂಕದಕಟ್ಟೆ: ಹೆಪ್ಪುನೆಲ ಕರಗಿದಾಗ ಸಾರಜನಕ ಹಿಡಿಯುವ ದಾರಿ

ಬೆವರು ಒರೆಸಿಕೊಳ್ಳುತ್ತ ಹಿಮದ ಲೆಕ್ಕ ಹಾಕುವವರು ನಮ್ಮೂರಲ್ಲಿದ್ದಾರೆ. ವಾಸ್ಕೋದ ಹೆಡ್‌ಲ್ಯಾಂಡ್ ಸಡಾ ಗುಡ್ಡದ ಮೇಲೆ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ. ಶುರುವಾಗಿದ್ದು 1998ರಲ್ಲಿ. ಉತ್ತರ ಧ್ರುವದಿಂದ ಸುಮಾರು 1,200 ಕಿಲೋಮೀಟರ್ ದೂರದಲ್ಲಿ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ನೀ-ಆಲೆಸುಂಡ್ ಎಂಬಲ್ಲಿ ಭಾರತದ 'ಹಿಮಾದ್ರಿ' ಕೇಂದ್ರ 2008ರಿಂದ ಇದೆ. ಅದನ್ನು ನೋಡಿಕೊಳ್ಳುವುದೂ ಇವರೇ.

ನಮ್ಮ ಪಕ್ಕದ ಮನೆಯವರು ಬಾಗಲಕೋಟೆ ಕಡೆಯವರು. ಬಂದರಿನಲ್ಲಿ ಕೆಲಸ. ಸಂಜೆ ವಾಕಿಂಗ್ ಹೋದಾಗ ಆ ಗೇಟಿನ ಮುಂದೆ ನಿಂತು ಕೇಳಿದರು, "ಅಲ್ರೀ, ಇಲ್ಲಿ ಕುಂತು ಬರ್ಫದಾಗ ಏನ್ ಹುಡುಕ್ತಾರ?" ನಾನು ಹೆಪ್ಪುನೆಲದ ಬಗ್ಗೆ, ಅಂದರೆ ಪರ್ಮಾಫ್ರಾಸ್ಟ್ ಬಗ್ಗೆ, ಓದಿದ್ದನ್ನು ಹೇಳಲು ಹೋದೆ. ಕಾರ್ಬನ್, ಮೀಥೇನ್ ಅಂತ ಶುರು ಮಾಡಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. "ಅದರಾಗ ಯೂರಿಯಾನೂ ಐತಿ" ಅಂದೆ. ತಕ್ಷಣ ತಿರುಗಿ ನೋಡಿದರು.

ಯೂರಿಯಾ ಅಂದಿದ್ದು ಪೂರ್ತಿ ಸರಿಯಲ್ಲ, ಸುಮ್ನೆ ಬಾಯಿಗೆ ಬಂದದ್ದು. ಆದರೆ ಸುಳ್ಳೂ ಅಲ್ಲ. ಅಲ್ಲಿ ಹೂತಿರುವುದು ಸಾರಜನಕ. ಹೊಲಕ್ಕೆ ನಾವು ಚೀಲದಲ್ಲಿ ಹೊತ್ತು ಹಾಕುವ ಅದೇ ನೈಟ್ರೋಜನ್. ಈ ವಿಷಯ ಗೋವಾದ ನಮಗೆ ದೂರದ್ದೇನೂ ಅಲ್ಲ. ಜುವಾರಿನಗರದಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಅಮೋನಿಯಾ ಮಾಡಿ, ಅದರಿಂದ ಯೂರಿಯಾ ಮಾಡುವ ಕಾರ್ಖಾನೆ 1970ರ ದಶಕದಿಂದ ಇದೆ. ಆ ಸುತ್ತಿನ ಗಲ್ಲಿಗಳಲ್ಲಿ ಕೊಂಕಣಿಯಷ್ಟೇ ಕನ್ನಡವೂ ಕೇಳಿಸುತ್ತದೆ. ಜುವಾರಿ ನದಿಯ ಬಾಯಿಯಾಚೆ, ಸಡಾ ಗುಡ್ಡದ ಎದುರಿಗೇ, ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ. ಅರಬ್ಬೀ ಸಮುದ್ರದಲ್ಲಿ ಇದೇ ಸಾರಜನಕ ಏನಾಗುತ್ತದೆ ಅಂತ ಅಲ್ಲಿಯವರು ದಶಕಗಳಿಂದ ಅಳೆಯುತ್ತಿದ್ದಾರೆ.

ಒಂದು ಚೀಲದಿಂದ ಲೆಕ್ಕ ಶುರು ಮಾಡೋಣ. ಈಗಿನ ಯೂರಿಯಾ ಚೀಲ 45 ಕಿಲೋದ್ದು. ಅದರಲ್ಲಿ ಶೇ. 46 ಸಾರಜನಕ. ಅಂದರೆ ಚೀಲಕ್ಕೆ 20 ಕಿಲೋ ಚಿಲ್ಲರೆ. ಜಗತ್ತಿನ ರೈತರೆಲ್ಲ ಸೇರಿ ವರ್ಷಕ್ಕೆ ಹಾಕುವ ರಾಸಾಯನಿಕ ಗೊಬ್ಬರದ ಸಾರಜನಕ ಸುಮಾರು 11 ಕೋಟಿ ಟನ್. ಉತ್ತರದ ಹೆಪ್ಪುನೆಲ ಪ್ರದೇಶದಲ್ಲಿ ಮೇಲಿನ 3 ಮೀಟರ್ ಮಣ್ಣಿನಲ್ಲಿ ಮಾತ್ರ ಇರುವುದು 5,000 ಕೋಟಿ ಟನ್‌ಗಿಂತ ಜಾಸ್ತಿ. ನಾಲ್ಕೂವರೆ ಶತಮಾನದ ಗೊಬ್ಬರ ಅಲ್ಲಿ ಕೋಲ್ಡ್ ಸ್ಟೋರೇಜ್‌ನಲ್ಲಿ ಕೂತಿದೆ.

ಹೆಪ್ಪುನೆಲ ಅಂದರೆ ಕನಿಷ್ಠ ಎರಡು ವರ್ಷ ಒಂದೇ ಸಮನೆ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರುವ ನೆಲ. ಉತ್ತರ ಗೋಳಾರ್ಧದ ನೆಲದಲ್ಲಿ ಸುಮಾರು ಶೇ. 15ರಷ್ಟು ಇಂಥದ್ದು. ಸೈಬೀರಿಯಾ, ಅಲಾಸ್ಕಾ, ಕೆನಡಾ, ಟಿಬೆಟ್ ಪ್ರಸ್ಥಭೂಮಿ. ನಮ್ಮ ಲಡಾಖ್‌ನ ಎತ್ತರದಲ್ಲೂ ಇದೆ. ಮೇಲ್ಪದರ ಮಾತ್ರ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಗಿಡ, ಹುಲ್ಲು, ಪಾಚಿ ಎಲ್ಲದರ ಸಂಸಾರ ಆ ಮೇಲ್ಪದರದಲ್ಲೇ. ಕೆಳಗಿನದ್ದು ಸಾವಿರಾರು ವರ್ಷದಿಂದ ಕೊಳೆಯದೆ ಉಳಿದ ಹುಲ್ಲು, ಬೇರು, ಎಲೆ. 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಹಾಗಾಗಿ ಮೇಲ್ಪದರ ಹಲವು ಕಡೆ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿದೆ. ಕೋಲ್ಡ್ ಸ್ಟೋರೇಜ್‌ನ ಕರೆಂಟು ನಿಧಾನವಾಗಿ ಹೋಗುತ್ತಿದೆ.

ಸಾಮಾನ್ಯವಾಗಿ ಸುದ್ದಿ ಇಲ್ಲಿಗೇ ನಿಂತುಬಿಡುತ್ತದೆ. ಇಷ್ಟು ಇದೆ, ಇಷ್ಟು ಹೊರಬರುತ್ತದೆ, ಅನಾಹುತ. ನನಗೆ ಈ ಧಾಟಿ ಇಷ್ಟವಿಲ್ಲ. ಗೋದಾಮಿನಲ್ಲಿ ಎಷ್ಟಿದೆ ಅನ್ನುವುದು ಮುಖ್ಯವೇ. ಆದರೆ ಸರಕು ಯಾವಾಗ ಹೊರಡುತ್ತದೆ, ಯಾವ ದಾರಿ ಹಿಡಿಯುತ್ತದೆ, ದಾರಿಯಲ್ಲಿ ಯಾರು ಹಿಡಿದುಕೊಳ್ಳುತ್ತಾರೆ ಅನ್ನುವುದು ಅದಕ್ಕಿಂತ ಮುಖ್ಯ. ಇದು ತೀರ್ಮಾನವಾಗುವ ಜಾಗ ಬಹಳ ಚಿಕ್ಕದು. ಹಳ್ಳದ ದಂಡೆ. ನೀರಿನ ಅಂಚಿನಿಂದ ಕೆಲವು ಮೀಟರ್ ಅಗಲದ ಒದ್ದೆ ಮಣ್ಣಿನ ಪಟ್ಟಿ.

ದಂಡೆಯಲ್ಲಿ ನಡೆಯುವ ವಸೂಲಿ

ನಮ್ಮ ಅಪ್ಪ ಗದ್ದೆಗೆ ಮೇಲುಗೊಬ್ಬರ ಹಾಕುವ ದಿನ ಮೊದಲು ನೀರು ಬಸಿಯುತ್ತಿದ್ದರು. ನಿಂತ ನೀರಿಗೆ ಯೂರಿಯಾ ಎರಚಿದರೆ ಪೈರಿಗೆ ಸಿಗುವುದು ಕಮ್ಮಿ ಅಂತ ಅವರಿಗೆ ಗೊತ್ತಿತ್ತು. ಯೂರಿಯಾ ಕರಗಿಸಿದ ಬಕೆಟ್ ಮುಟ್ಟಿ ನೋಡಿದ್ದೀರಾ? ನೀರು ತಣ್ಣಗಾಗಿರುತ್ತದೆ. ಕರಗುವಾಗ ಅದು ನೀರಿನ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಚಿಕ್ಕವನಿದ್ದಾಗ ಆ ಬಕೆಟ್ಟಿಗೆ ಕೈ ಅದ್ದಿ ಬೈಸಿಕೊಂಡಿದ್ದೇನೆ. ಗೊಬ್ಬರ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಅಪ್ಪನ ಉತ್ತರ ಒಂದೇ: "ಗಾಳಿಗೆ."

ಆ ಉತ್ತರದಲ್ಲಿ ಇಡೀ ರಸಾಯನಶಾಸ್ತ್ರ ಇದೆ. ಮಣ್ಣಿನಲ್ಲಿ ಸತ್ತ ಜೀವಿಗಳು ಕೊಳೆತಾಗ ಸಾರಜನಕ ಮೊದಲು ಅಮೋನಿಯಂ ಆಗುತ್ತದೆ. ಗಾಳಿಯಾಡುವ ಮಣ್ಣಿದ್ದರೆ ಕೆಲವು ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಂ ಮಣ್ಣಿನ ಕಣಕ್ಕೆ ಅಂಟಿ ಕೂರುತ್ತದೆ. ನೈಟ್ರೇಟ್ ಹಾಗಲ್ಲ, ನೀರು ಹೋದತ್ತ ಹೋಗುತ್ತದೆ. ಆ ನೈಟ್ರೇಟ್ ಗಾಳಿಯಾಡದ ಕೆಸರಿಗೆ ಬಂದರೆ ಅಲ್ಲಿ ಇನ್ನೊಂದು ಬಗೆಯ ಜೀವಿಗಳಿರುತ್ತವೆ. ಅವುಗಳಿಗೆ ಆಮ್ಲಜನಕ ಸಿಗದಿದ್ದಾಗ ನೈಟ್ರೇಟನ್ನೇ ಉಸಿರಾಡುತ್ತವೆ. ಕೊನೆಗೆ ಸಾರಜನಕ ಅನಿಲವಾಗಿ ಗಾಳಿಗೆ ಸೇರುತ್ತದೆ. ಎಲ್ಲಿಂದ ಬಂತೋ ಅಲ್ಲಿಗೇ.

ಹಳ್ಳದ ದಂಡೆಯಲ್ಲಿ ಈ ಎರಡೂ ಬಗೆಯ ಮಣ್ಣು ಅಕ್ಕಪಕ್ಕದಲ್ಲೇ ಇರುತ್ತದೆ. ಮೇಲೆ ಸ್ವಲ್ಪ ಗಾಳಿ, ಒಂದು ಗೇಣು ಕೆಳಗೆ ಗಾಳಿಯಿಲ್ಲದ ಕೆಸರು. ಜೊತೆಗೆ ತಿನ್ನಲು ಬೇಕಾದಷ್ಟು ಕೊಳೆತ ಎಲೆ. ಗುಡ್ಡದ ನೀರು ಹಳ್ಳ ಸೇರುವ ಮುಂಚೆ ಈ ಪಟ್ಟಿಯನ್ನು ದಾಟಲೇಬೇಕು. ದಾಟುವಾಗ ಗಿಡ ಒಂದಿಷ್ಟು ಹೀರುತ್ತದೆ, ಸೂಕ್ಷ್ಮಜೀವಿ ಒಂದಿಷ್ಟು ತಿನ್ನುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ, ಇಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಹೆಪ್ಪುನೆಲ ಇರುವ ಕಡೆ ಈ ಸುಂಕದಕಟ್ಟೆ ಇನ್ನೂ ಬಿಗಿ. ಕಾರಣ ಸರಳ. ಕೆಳಗೆ ನೆಲ ಕಲ್ಲಿನಂತೆ ಗಟ್ಟಿಯಿದೆ. ಮಳೆಯ ನೀರು, ಕರಗಿದ ಹಿಮದ ನೀರು ಆಳಕ್ಕೆ ಇಂಗಲು ಆಗುವುದಿಲ್ಲ. ಪಾಚಿ ಮತ್ತು ಬೇರಿನ ತೆಳು ಚಾಪೆಯೊಳಗೇ ಅದು ಹರಿಯಬೇಕು. ಆ ಚಾಪೆಯಲ್ಲಿರುವ ಗಿಡಗಳಾದರೋ ಸಾರಜನಕಕ್ಕೆ ಹಸಿದು ಕೂತಿವೆ. ಆರ್ಕ್ಟಿಕ್‌ನ ಹತ್ತಿಹುಲ್ಲು ಎಷ್ಟು ಹಸಿದಿರುತ್ತದೆ ಅಂದರೆ ಸಾರಜನಕ ಅಮೋನಿಯಂ ಆಗುವ ತನಕ ಕಾಯುವುದೂ ಇಲ್ಲ. ಅಮೈನೋ ಆಮ್ಲವನ್ನೇ ನೇರವಾಗಿ ಬೇರಿನಿಂದ ಎಳೆದುಕೊಳ್ಳುತ್ತದೆ. ಅಡುಗೆ ಆಗುವ ಮುಂಚೆ ಹಸಿ ಕಾಳನ್ನೇ ಬಾಯಿಗೆ ಹಾಕಿಕೊಂಡ ಹಾಗೆ.

ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಊರಿನ ಹತ್ತಿರ ಕ್ಯಾರಿಬೂ-ಪೋಕರ್ ಕ್ರೀಕ್ಸ್ ಎಂಬ ಕಾಡು ಇದೆ. ಸುಮಾರು 104 ಚದರ ಕಿಲೋಮೀಟರ್. ಈ ವಿಷಯಕ್ಕೆ ಅದು ಹೇಳಿ ಮಾಡಿಸಿದ ಜಾಗ. ಅಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹೆಪ್ಪುನೆಲ ಇದೆ. ದಕ್ಷಿಣಕ್ಕೆ ಮುಖ ಮಾಡಿದ್ದರಲ್ಲಿ ಬಿಸಿಲು ಬೀಳುವುದರಿಂದ ಇಲ್ಲ. ಹಾಗಾಗಿ ಒಂದೇ ಹವಾಮಾನ, ಒಂದೇ ಮಳೆ ಇದ್ದೂ ಒಂದು ಹಳ್ಳದ ಕಣಿವೆಯಲ್ಲಿ ಅರ್ಧಕ್ಕಿಂತ ಜಾಸ್ತಿ ನೆಲ ಹೆಪ್ಪುಗಟ್ಟಿದೆ, ಇನ್ನೊಂದರಲ್ಲಿ ಬರೀ ಶೇ. 3ರಷ್ಟು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿತು. ಹೆಪ್ಪುನೆಲ ಕಡಿಮೆ ಇದ್ದ ಹಳ್ಳದ ನೀರಿನಲ್ಲಿ ನೈಟ್ರೇಟ್ ಎರಡು ಪಟ್ಟಿಗಿಂತ ಜಾಸ್ತಿ ಇತ್ತು.

ಸ್ವಲ್ಪ ವಿಚಿತ್ರ ಅಲ್ವಾ? ಹೆಪ್ಪುಗಟ್ಟಿದ ಗೊಬ್ಬರ ಇರುವ ಕಡೆ ಹಳ್ಳದಲ್ಲಿ ನೈಟ್ರೇಟ್ ಕಮ್ಮಿ, ಇಲ್ಲದ ಕಡೆ ಜಾಸ್ತಿ. ದಾರಿಯನ್ನು ಯೋಚಿಸಿದರೆ ಒಗಟು ಬಿಡುತ್ತದೆ. ಕೆಳಗೆ ತಡೆ ಇಲ್ಲದಿದ್ದರೆ ನೀರು ಆಳಕ್ಕಿಳಿದು, ಬೇರುಗಳ ಕೆಳಗಿಂದ ಹಾದು ಹಳ್ಳದಲ್ಲಿ ಮೇಲೇಳುತ್ತದೆ. ಸುಂಕದಕಟ್ಟೆಯ ಕೆಳಗೇ ಸುರಂಗ. ಅದೇ ಕಾಡಿನ ಇನ್ನೊಂದು ಲೆಕ್ಕದ ಪ್ರಕಾರ, ಮಳೆ-ಹಿಮದಿಂದ ಬರುವುದಕ್ಕಿಂತ ಹೆಚ್ಚು ಸಾರಜನಕ ಅಲ್ಲಿನ ಹಳ್ಳಗಳಲ್ಲಿ ಹೊರಗೆ ಹೋಗುತ್ತಿದೆ. ಹಸಿದ ಮನೆಯಿಂದ ಅಕ್ಕಿ ಸೋರುತ್ತಿದೆ.

ಹಾಗಂತ ಕರಗಿದ ಕಡೆಯಲ್ಲೆಲ್ಲ ಹೀಗೇ ಅಂತ ಹೇಳುವ ಹಾಗಿಲ್ಲ. ಇಳಿಜಾರು ನೆಲ ಕರಗಿದರೆ ನೀರು ಬಸಿದು ಮಣ್ಣು ಒಣಗುತ್ತದೆ, ಗಾಳಿಯಾಡುತ್ತದೆ, ನೈಟ್ರೇಟ್ ಹುಟ್ಟುತ್ತದೆ. ಸಪಾಟು ನೆಲ ಕರಗಿದರೆ ಕುಸಿದು ಕೆರೆಯಂತಾಗುತ್ತದೆ. ಅಲ್ಲಿ ಅಮೋನಿಯಂ ಅಮೋನಿಯಂ ಆಗಿಯೇ ಉಳಿಯುತ್ತದೆ. ಒಂದೇ ಹೆಪ್ಪುನೆಲ, ಎರಡು ಬೇರೆ ಕಥೆ.

ಗಿಡ ಮಲಗಿದ ಮೇಲೆ ಬರುವ ಗೊಬ್ಬರ

ದಾರಿಯಷ್ಟೇ ಕಾಡುವುದು ಹೊತ್ತು. ಆರ್ಕ್ಟಿಕ್‌ನಲ್ಲಿ ನೆಲ ಅತಿ ಆಳಕ್ಕೆ ಕರಗುವುದು ಬೇಸಿಗೆಯ ಕೊನೆಗೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಆಳದ ಹಳೆಯ ಸಾರಜನಕ ಬಿಡುಗಡೆಯಾಗುವುದೂ ಆಗಲೇ. ಅಷ್ಟು ಹೊತ್ತಿಗೆ ಮೇಲಿನ ಗಿಡಗಳ ಎಲೆ ಹಳದಿಯಾಗಿರುತ್ತದೆ. ಊಟ ಬಡಿಸುವ ಹೊತ್ತಿಗೆ ಮಕ್ಕಳು ಮಲಗಿರುವಂತೆ.

ಹತ್ತಿಹುಲ್ಲಿನಂಥ ಕೆಲವು ಆಳ ಬೇರಿನ ಗಿಡಗಳು ಆಗಲೂ ಎಚ್ಚರವಿದ್ದು, ಕರಗುವ ಅಂಚಿನ ತನಕ ಬೇರು ಇಳಿಸಿ ಗೊಬ್ಬರ ಹಿಡಿಯುತ್ತವೆ. ಉಳಿದವು ಹಿಡಿಯುವುದಿಲ್ಲ. ಸೂಕ್ಷ್ಮಜೀವಿಗಳಿಗೆ ಮಾತ್ರ ರಜೆ ಇಲ್ಲ. ಮೇಲೆ ಹಿಮದ ಕಂಬಳಿ ಹೊದ್ದ ಮಣ್ಣು ವಾರಗಟ್ಟಲೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಅಷ್ಟು ಸಾಕು ಅವುಗಳಿಗೆ. ಸೊನ್ನೆಗಿಂತ ಕೆಳಗೆ ಇಳಿದರೂ ಮಣ್ಣಿನ ಕಣದ ಸುತ್ತ ನೀರಿನ ತೆಳು ಪೊರೆ ಉಳಿದಿರುತ್ತದೆ. ಆ ಪೊರೆಯಲ್ಲಿ ಕೆಲಸ ಸಾಗುತ್ತಲೇ ಇರುತ್ತದೆ.

ಚಳಿಗಾಲವಿಡೀ ಹೀಗೆ ಕೂಡಿದ್ದು ವಸಂತದಲ್ಲಿ ಹಿಮ ಕರಗಿದಾಗ ಒಮ್ಮೆಗೇ ತೊಳೆದುಹೋಗುತ್ತದೆ. ವರ್ಷದ ನೀರಿನ ದೊಡ್ಡ ಪಾಲು ಕೆಲವೇ ವಾರಗಳಲ್ಲಿ ಹರಿದುಬಿಡುತ್ತದೆ. ಆಗ ದಂಡೆಯ ಮಣ್ಣು ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ. ಸುಂಕದಕಟ್ಟೆಗೆ ಬೀಗ, ಗಾಡಿಗಳು ಪಕ್ಕದ ರಸ್ತೆಯಲ್ಲಿ ಸಾಲುಸಾಲಾಗಿ ಹೋಗುತ್ತಿವೆ. ನಮ್ಮ ಜೂನ್ ಮೊದಲ ಮಳೆ ರಸ್ತೆಯ ಕೊಳೆಯನ್ನೆಲ್ಲ ಎಳೆದುಕೊಂಡು ಜುವಾರಿಗೆ ಹಾಕುವುದನ್ನು ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಕೆಲವೊಮ್ಮೆ ದಂಡೆಯೇ ಇಲ್ಲವಾಗುತ್ತದೆ. ಹೆಪ್ಪುನೆಲದೊಳಗಿನ ಮಂಜುಗಡ್ಡೆ ಕರಗಿದರೆ ಗುಡ್ಡದ ಬದಿ ಕುಸಿದು ಹಳ್ಳಕ್ಕೆ ಬೀಳುತ್ತದೆ. 2003ರಲ್ಲಿ ಉತ್ತರ ಅಲಾಸ್ಕಾದ ಟೂಲಿಕ್ ನದಿಯ ಪಕ್ಕ ಹೀಗೆ ಒಂದು ಸಣ್ಣ ಕೊರಕಲು ಹುಟ್ಟಿತು. ಪಕ್ಕದ ಕುಪಾರುಕ್ ನದಿಯ ಮೇಲ್ಭಾಗದ 132 ಚದರ ಕಿಲೋಮೀಟರ್ ಕಣಿವೆಯಿಂದ 18 ವರ್ಷದಲ್ಲಿ ಬರುವುದಕ್ಕಿಂತ ಜಾಸ್ತಿ ಹೂಳನ್ನು ಅದೊಂದೇ ಕೊರಕಲು ನದಿಗೆ ತಳ್ಳಿತು. ಕೆಳಗಿನ ನೀರಿನಲ್ಲಿ ಅಮೋನಿಯಂ, ನೈಟ್ರೇಟ್, ಫಾಸ್ಫೇಟ್ ಎಲ್ಲವೂ ಏರಿದವು. ವರ್ಷವಿಡೀ ನಿಧಾನವಾಗಿ ನಡೆಯುವ ಸಾರಜನಕದ ಲೆಕ್ಕವನ್ನು ಒಂದು ಕುಸಿತ ಬುಡಮೇಲು ಮಾಡಬಲ್ಲದು. ಕೊಡಗು, ವಯನಾಡಿನ ಗುಡ್ಡ ಕುಸಿತ ಕಂಡ ನಮಗೆ ಇದು ಹೊಸದಲ್ಲ.

ಅರ್ಧ ಒದ್ದೆ ಮಣ್ಣಿನ ಕಿತಾಪತಿ

ಕೆಸರಿನ ಜೀವಿಗಳು ನೈಟ್ರೇಟನ್ನು ಗಾಳಿಗೆ ಬಿಡುತ್ತವೆ ಅಂದೆ. ಅದು ಪೂರ್ತಿ ಸಾರಜನಕ ಅನಿಲವಾದರೆ ತೊಂದರೆಯಿಲ್ಲ, ನಾವು ಉಸಿರಾಡುವ ಗಾಳಿಯಲ್ಲಿ ಶೇ. 78 ಅದೇ. ಕೆಲಸ ಅರ್ಧಕ್ಕೆ ನಿಂತರೆ ಹೊರಬರುವುದು ನೈಟ್ರಸ್ ಆಕ್ಸೈಡ್. ಆಸ್ಪತ್ರೆಯಲ್ಲಿ ಅರಿವಳಿಕೆಗೆ ಕೊಡುವ ಅದೇ 'ನಗಿಸುವ ಅನಿಲ'. ವಾತಾವರಣದಲ್ಲಿ ಅದು ನೂರು ವರ್ಷಕ್ಕಿಂತ ಜಾಸ್ತಿ ಉಳಿಯುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ 273 ಪಟ್ಟು ಬಿಸಿ ಮಾಡುತ್ತದೆ. ಓಝೋನ್ ಪದರವನ್ನೂ ಕಡಿಯುತ್ತದೆ.

ಮಣ್ಣು ಪೂರ್ತಿ ಮುಳುಗಿದ್ದರೆ ಈ ಅನಿಲ ಕಮ್ಮಿ, ಪೂರ್ತಿ ಒಣಗಿದ್ದರೂ ಕಮ್ಮಿ. ಅರ್ಧ ಒದ್ದೆ ಇದ್ದಾಗಲೇ ಜಾಸ್ತಿ. ಹಳ್ಳದ ದಂಡೆಯ ಸ್ವಭಾವವೇ ಅರ್ಧ ಒದ್ದೆ. ನೀರು ಏರುತ್ತದೆ, ಇಳಿಯುತ್ತದೆ.

ಹೆಪ್ಪುನೆಲದ ಸೀಮೆಯಲ್ಲಿ ಈ ಅನಿಲ ಲೆಕ್ಕಕ್ಕಿಲ್ಲ ಅಂತ ಬಹಳ ಕಾಲ ನಂಬಿದ್ದರು. ಅಲ್ಲಿನ ಮಣ್ಣು ಸಾರಜನಕಕ್ಕೆ ಬಡವ, ಬಡವನ ಮನೆಯಲ್ಲಿ ಸೋರಿಕೆ ಎಲ್ಲಿಂದ ಅನ್ನುವ ತರ್ಕ. 2009ರಲ್ಲಿ ರಷ್ಯಾದ ಕೋಮಿ ಪ್ರಾಂತ್ಯದ ಸೇಯ್ದಾದಿಂದ ಬಂದ ಅಳತೆಗಳು ಆ ನಂಬಿಕೆಯನ್ನು ಅಲ್ಲಾಡಿಸಿದವು. ಅಲ್ಲಿ ಕೊಳೆತ ಪಾಚಿಯ ಮಣ್ಣಿನ ನಡುವೆ ಗಿಡವೇ ಇಲ್ಲದ ಬೋಳು ವೃತ್ತಗಳಿವೆ. ಅವುಗಳಿಂದ ಹೊರಬರುತ್ತಿದ್ದ ನೈಟ್ರಸ್ ಆಕ್ಸೈಡ್ ಉತ್ತು ಬೆಳೆ ತೆಗೆಯುವ ಇಂಥದೇ ಮಣ್ಣಿನಿಂದ ಬರುವಷ್ಟಿತ್ತು. ಪಕ್ಕದಲ್ಲೇ ಗಿಡ ಇರುವ ಮಣ್ಣಿನಿಂದ ಹೆಚ್ಚುಕಡಿಮೆ ಏನೂ ಇಲ್ಲ. ಗಿಡ ಇದ್ದರೆ ನೈಟ್ರೇಟ್ ಅದರ ಹೊಟ್ಟೆಗೆ, ಇಲ್ಲದಿದ್ದರೆ ಸೂಕ್ಷ್ಮಜೀವಿಯ ಪಾಲು.

ಅಲ್ಲಿಗೂ ಕಥೆ ಸರಳವಾಗಲಿಲ್ಲ. 2021ರಲ್ಲಿ ಸೈಬೀರಿಯಾದ ಲೇನಾ ನದಿಯ ಮುಖಜಭೂಮಿಯಿಂದ ಇನ್ನೊಂದು ವರದಿ ಬಂತು. ನದಿ ಕೊರೆದು ಬಯಲಾದ ಹಳೆಯ ಹೆಪ್ಪುಮಣ್ಣಿನ ದಂಡೆಯದು. ಆಗಷ್ಟೇ ಕರಗಿದ ಮಣ್ಣು ಸುಮ್ಮನಿತ್ತು. ಹತ್ತು ವರ್ಷದೊಳಗೆ ಅದು ಒಣಗಿ, ನೆಲೆನಿಂತು, ಮೇಲೆ ಹುಲ್ಲು ಬಂದ ಮೇಲೆ ಅನಿಲ ಜೋರಾಗಿ ಹೊರಬರತೊಡಗಿತು. ಆ ಕೆಲಸ ಮಾಡುವ ಸೂಕ್ಷ್ಮಜೀವಿಗಳ ಸಂಸಾರ ಬೆಳೆಯಲು ಅಷ್ಟು ಸಮಯ ಬೇಕಾಗಿತ್ತು. ಕರಗಿದ ವರ್ಷವೇ ಹೋಗಿ ಅಳೆದು, ಏನೂ ಇಲ್ಲ ಅಂತ ಬರೆದು ಬಂದಿದ್ದರೆ ತಪ್ಪಾಗುತ್ತಿತ್ತು. ಗಿಡ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವ ಸಮಾಧಾನವನ್ನೂ ಈ ದಂಡೆ ಸ್ವಲ್ಪ ಕೆಡಿಸಿತು.

ಹೆದರಿಸುವ ಉದ್ದೇಶ ನನಗಿಲ್ಲ. ಮನುಷ್ಯರ ಕಡೆಯಿಂದ ಇವತ್ತು ವಾತಾವರಣಕ್ಕೆ ಸೇರುವ ನೈಟ್ರಸ್ ಆಕ್ಸೈಡ್‌ನಲ್ಲಿ ದೊಡ್ಡ ಪಾಲು ಹೊಲದ ಗೊಬ್ಬರ ಮತ್ತು ಸಗಣಿ-ಗಂಜಲದ್ದು. ಹೆಪ್ಪುನೆಲದ ದಂಡೆಯನ್ನು ಬೈದು ನಮ್ಮ ಗದ್ದೆಯನ್ನು ಮರೆಯುವುದು ನ್ಯಾಯವಲ್ಲ. ಹಾಗೆಯೇ ಈ ಸಾರಜನಕ ಎಲ್ಲ ಕಡೆ ಶತ್ರುವೂ ಅಲ್ಲ. ಅದು ವಿಲ್ಲೋ ಪೊದೆಗಳಿಗೆ ಸಿಕ್ಕರೆ ಅವು ಬೆಳೆದು ಕಾರ್ಬನ್ ಹಿಡಿಯುತ್ತವೆ. ದಂಡೆಯ ಆಲ್ಡರ್ ಗಿಡಗಳಂತೂ ನಮ್ಮ ಹೆಸರು, ತೊಗರಿ ಮಾಡುವ ಹಾಗೆ ಬೇರಿನ ಗಂಟಿನಲ್ಲಿ ಬ್ಯಾಕ್ಟೀರಿಯಾ ಸಾಕಿಕೊಂಡು ಗಾಳಿಯ ಸಾರಜನಕವನ್ನೇ ಮಣ್ಣಿಗೆ ಸೇರಿಸುತ್ತವೆ. ನದಿಯಲ್ಲಿ ಹೋದದ್ದೂ ವ್ಯರ್ಥವಲ್ಲ. ನದಿಗಳು ಮತ್ತು ಕುಸಿಯುವ ಕರಾವಳಿ ತಂದು ಹಾಕುವ ಪೋಷಕಾಂಶದಿಂದಲೇ ಆರ್ಕ್ಟಿಕ್ ಸಾಗರದ ಹಸಿರು ಉತ್ಪಾದನೆಯ ಸುಮಾರು ಮೂರನೇ ಒಂದು ಭಾಗ ನಡೆಯುತ್ತದೆ ಅಂತ 2021ರ ಒಂದು ಅಂದಾಜು ಹೇಳುತ್ತದೆ.

ಇಲ್ಲಿಯ ಕೆಸರನ್ನು ಒಮ್ಮೆ ನೋಡಿ. ಗೋವಾದಲ್ಲಿ ಇದಕ್ಕೆ ಖಾಜಣ್ ಅನ್ನುತ್ತಾರೆ. ನಮ್ಮ ಅಘನಾಶಿನಿ ಬದಿಯಲ್ಲಿ ಗಜನಿ. ಉಪ್ಪುನೀರನ್ನು ಕಟ್ಟೆ ಕಟ್ಟಿ ತಡೆದು, ಮರದ ಬಾಗಿಲಿಟ್ಟು, ಇಲ್ಲಿ ಕೊರ್ಗುಟ್, ಅಲ್ಲಿ ಕಗ್ಗ ಭತ್ತ ಬೆಳೆಯುವ ಗದ್ದೆ. ಕುಡ್ತರಿ ಕಡೆಯ ಸ್ನೇಹಿತರ ಗದ್ದೆಯಲ್ಲಿ ಒಂದು ಬುಡ ಕಿತ್ತು ನೋಡಿದ್ದೆ. ಮಣ್ಣು ಇದ್ದಿಲಿನಷ್ಟು ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಆದರೆ ಬೇರಿನ ಸುತ್ತ ಕೂದಲೆಳೆ ದಪ್ಪದ ಕೆಂಪು ಗೆರೆ, ತುಕ್ಕು ಹಿಡಿದ ತಂತಿಯಂತೆ. ಭತ್ತ ಎಲೆಯಿಂದ ಬೇರಿಗೆ ಗಾಳಿ ಇಳಿಸುತ್ತದೆ. ಆ ಗಾಳಿ ತಾಗಿದಲ್ಲಿ ಮಣ್ಣಿನ ಕಬ್ಬಿಣ ತುಕ್ಕಾಗಿದೆ. ಆ ಗೆರೆಯ ಒಳಗೆ ನೈಟ್ರೇಟ್ ಹುಟ್ಟುತ್ತದೆ, ಒಂದು ಮಿಲಿಮೀಟರ್ ಆಚೆ ಹೋದರೆ ಸಾಯುತ್ತದೆ. ಅಲಾಸ್ಕಾದ ದಂಡೆಯ ಹತ್ತಿಹುಲ್ಲಿನ ಬೇರಿನಲ್ಲೂ ಇಂಥದೇ ಗಾಳಿಯ ಕೊಳವೆಗಳಿವೆ. ಅಂದಹಾಗೆ ಅಲ್ಲಿನ ಬ್ರೂಕ್ಸ್ ಪರ್ವತಸಾಲಿನಲ್ಲಿ ಹೆಪ್ಪುನೆಲ ಕರಗಿ ಕನಿಷ್ಠ 75 ತೊರೆಗಳು ಇದೇ ತುಕ್ಕಿನ ಬಣ್ಣಕ್ಕೆ ತಿರುಗಿವೆ ಅಂತ 2024ರಲ್ಲಿ ವರದಿಯಾಯಿತು.

ಖಾಜಣ್ ಕಟ್ಟೆ ಒಡೆದರೂ ಇಲ್ಲಿ ನದಿಯ ಮುಂದೆ ಸಮುದ್ರ ಇದೆ, ಅದೂ ಸಾಮಾನ್ಯ ಸಮುದ್ರವಲ್ಲ. ಆಮ್ಲಜನಕ ಇಲ್ಲದ ನೀರಿನಲ್ಲಿ ನೈಟ್ರೇಟ್ ದೊಡ್ಡ ಪ್ರಮಾಣದಲ್ಲಿ ಅನಿಲವಾಗುವ ತೆರೆದ ಸಾಗರದ ಮೂರು ಮುಖ್ಯ ಜಾಗಗಳಲ್ಲಿ ಅರಬ್ಬೀ ಸಮುದ್ರವೂ ಒಂದು. ಮಳೆಗಾಲದ ಕೊನೆಗೆ ನಮ್ಮ ಕರಾವಳಿಯ ಆಳವಿಲ್ಲದ ನೀರಿನಲ್ಲೂ ಆಮ್ಲಜನಕ ಕುಸಿಯುತ್ತದೆ. ಆಗ ನೈಟ್ರಸ್ ಆಕ್ಸೈಡ್ ವಿಪರೀತ ಸೇರುತ್ತದೆ ಅಂತ ದೋನಾ ಪಾವ್ಲಾದ ಎಸ್.ಡಬ್ಲ್ಯೂ.ಎ. ನಕ್ವಿ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಅಲ್ಲೂ ಸಮಸ್ಯೆ ಅರ್ಧಕ್ಕೆ ನಿಂತ ಕೆಲಸದ್ದೇ.

ಹೆಪ್ಪುನೆಲದ ಅಳತೆಗಳಲ್ಲಿ ಒಂದು ದೊಡ್ಡ ತೂತಿದೆ. ಹೆಚ್ಚಿನವು ಜೂನ್‌ನಿಂದ ಆಗಸ್ಟ್‌ವರೆಗಿನವು. ವಿಜ್ಞಾನಿಗಳು ಬೇಸಿಗೆಗೆ ಹೋಗುತ್ತಾರೆ, ಚಳಿ ಶುರುವಾದಾಗ ಗಂಟುಮೂಟೆ ಕಟ್ಟುತ್ತಾರೆ. ಆಳದ ಗೊಬ್ಬರ ಹೊರಡುವುದು ಅವರು ಹೊರಟ ಮೇಲೆ. ಭಾರತವೂ ಹಿಮಾದ್ರಿಯಲ್ಲಿ ಮೊದಲು ಬೇಸಿಗೆಯ ತಿಂಗಳಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಮೊದಲ ಸಲ ಚಳಿಗಾಲದ ತಂಡ ಹೋಯಿತು. ಆ ತಿಂಗಳು ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ.

ಇದನ್ನು ಹೇಳಿದಾಗ ಪಕ್ಕದ ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೆಳಗೆ ಬಂದರಿನಲ್ಲಿ ದೀಪ ಹತ್ತುತ್ತಿತ್ತು.

"ಹಂಗಾರ ಕತ್ತಲದಾಗ ಯೂರಿಯಾ ಕಾಯಾಕ ಹೋಗ್ಯಾರ ಅನ್ರಿ" ಅಂದರು.